ಓದುಗರ ಪ್ರಶ್ನೆ: ವಿಕ್ಟೋರಿಯಾ ಕ್ರಾಸ್ ಪಡೆದ ಜಡ್ಜ್ ಯಾರು?

ಪ್ರಶ್ನೆ: ಬ್ರಿಟನ್‌ನಲ್ಲಿ ಒಬ್ಬ ಹೈಕೋರ್ಟ್ ಜಡ್ಜ್‌ಗೆ ವಿಕ್ಟೋರಿಯಾ ಕ್ರಾಸ್ ಬಂದಿತ್ತು ಅಂತ ಯಾರೋ ಹೇಳಿದ್ರು. ನಿಜಾನಾ? ಮೆಡಲ್ ನೋಡಿಯೇ ಜಡ್ಜ್ ಮಾಡಿದ್ರಾ?
– ಒಬ್ಬ ಲಾ ವಿದ್ಯಾರ್ಥಿ

ಉತ್ತರ: ನಿಜಾನೇ. ವಿಕ್ಟೋರಿಯಾ ಕ್ರಾಸ್ ಅಂದ್ರೆ ಯುದ್ಧದಲ್ಲಿ ತೋರಿದ ಶೌರ್ಯಕ್ಕೆ ಬ್ರಿಟನ್ ಕೊಡೋ ಅತಿ ದೊಡ್ಡ ಪದಕ. ಅವರು ಸರ್ ಟಾಸ್ಕರ್ ವಾಟ್ಕಿನ್ಸ್, ವೇಲ್ಸ್‌ನ ನೆಲ್ಸನ್ ಅನ್ನೋ ಊರಲ್ಲಿ 1918ರಲ್ಲಿ ಹುಟ್ಟಿದವರು. ಪದಕ ತಂದುಕೊಟ್ಟಿದ್ದು ಎರಡನೇ ಮಹಾಯುದ್ಧದ ಒಂದು ಕಾದಾಟ: 1944ರ ಆಗಸ್ಟ್ 16, ಫ್ರಾನ್ಸ್‌ನ ನಾರ್ಮಂಡಿ. ಆಗ ಅವರಿಗೆ 25 ವರ್ಷ, ವೆಲ್ಚ್ ರೆಜಿಮೆಂಟ್‌ನಲ್ಲಿ ಲೆಫ್ಟಿನೆಂಟ್. ಬೂಬಿ ಟ್ರ್ಯಾಪ್ (ಮುಟ್ಟಿದ್ರೆ ಸಿಡಿಯೋ ಗುಪ್ತ ಬಲೆ) ಇಟ್ಟಿದ್ದ ಪೈರಿನ ಹೊಲ ದಾಟುವಾಗ ಜರ್ಮನ್ನರ ಮೆಷಿನ್ ಗನ್ ಶುರುವಾಯ್ತು, ಅವರ ಸೈನ್ಯದ ತುಕಡೀಲಿ ಉಳಿದ ಆಫೀಸರ್ ಇವರೊಬ್ಬರೇ, ಸರಿ ಅಂತ ಇವರೇ ಮುಂದೆ ನುಗ್ಗಿ ಶತ್ರುಗಳ ಎರಡು ಪೋಸ್ಟ್ ಹಿಡಿದ್ರು. ಮೂರನೇ ಕಡೆ ಸ್ಟೆನ್ ಗನ್ ಜಾಮ್ ಆದಾಗ ಅದನ್ನೇ ಎದುರಿನವನ ಮುಖಕ್ಕೆ ಎಸೆದು ಪಿಸ್ತೂಲ್ ತೆಗೆದ್ರಂತೆ! ಆಮೇಲೆ ಸುಮಾರು 50 ಶತ್ರು ಸೈನಿಕರು ಮೇಲೆ ಬಿದ್ದಾಗ ಉಳಿದ 30 ಚಿಲ್ಲರೆ ಜನರನ್ನ ಕಟ್ಟಿಕೊಂಡು ಬಯೊನೆಟ್ ಹಿಡಿದು ಎದುರಿಸಿದ್ರು. ವೈರ್‌ಲೆಸ್ ಇಲ್ಲದೆ ವಾಪಸ್ ಬನ್ನಿ ಅನ್ನೋ ಆರ್ಡರ್ ಸಹ ಇವರಿಗೆ ತಲುಪಿರ್ಲಿಲ್ಲ. ಕತ್ತಲಲ್ಲಿ ಹಿಂದಕ್ಕೆ ಬರ್ತಾ ಇನ್ನೊಂದು ಪೋಸ್ಟ್ ಎದುರಾದಾಗ, ತಮ್ಮವರಿಗೆ ಚದುರಿ ಹೋಗಿ ಅಂತ ಹೇಳಿ ಬ್ರೆನ್ ಗನ್ ಹಿಡಿದು ಒಬ್ಬರೇ ನುಗ್ಗಿದ್ರು.

ಜಡ್ಜ್ ಮಾಡಿದ್ದು ಮೆಡಲ್ ನೋಡಿ ಅಂತೂ ಅಲ್ಲ. 1948ರಲ್ಲಿ ಬ್ಯಾರಿಸ್ಟರ್, 1965ರಲ್ಲಿ ಕ್ವೀನ್ಸ್ ಕೌನ್ಸೆಲ್ (ಹಿರಿಯ ವಕೀಲರಿಗೆ ಕೊಡೋ ಪದವಿ), ಹೈಕೋರ್ಟ್ ಜಡ್ಜ್ ಆಗೋ ಹೊತ್ತಿಗೆ 1971. ಅಲ್ಲಿ ಅನುಭವಸ್ಥ ಬ್ಯಾರಿಸ್ಟರ್‌ಗಳನ್ನೇ ಜಡ್ಜ್ ಮಾಡ್ತಿದ್ರು, ಹೀರೋ ಆದ್ರೂ ಇಪ್ಪತ್ತು ವರ್ಷದ ಮೇಲೆ ಕರಿಕೋಟು ಸವೆಸಲೇಬೇಕಿತ್ತು.

ನನ್ನ ಕೇಳಿದ್ರೆ ಅವರ ವಕೀಲಿಕೆಯಲ್ಲಿ ತುಂಬಾ ಭಾರವಾದ ಕೆಲಸ ಅಬರ್‌ಫಾನ್ ವಿಚಾರಣೆ. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫಾನ್ ಅನ್ನೋ ಊರಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ಗುಡ್ಡ ಜಾರಿ ಶಾಲೆ ಮೇಲೆ ಬಿದ್ದು 144 ಜನ ಸತ್ರು, ಅದರಲ್ಲಿ 116 ಮಕ್ಕಳು. ಆ ವಿಚಾರಣೆಯಲ್ಲಿ ಅಟಾರ್ನಿ ಜನರಲ್ ಪರವಾಗಿ ಹಾಜರಾದವರಲ್ಲಿ ಇವರೂ ಒಬ್ಬರು. ನೆಲ್ಸನ್‌ಗೂ ಅಬರ್‌ಫಾನ್‌ಗೂ ಅಂಥ ದೂರ ಏನಿಲ್ಲ, ಅದೇ ಗಣಿ ಸೀಮೆ, ಹೆಚ್ಚುಕಡಿಮೆ ತಮ್ಮೂರಿನವರದೇ ಸಾವಿನ ವಿಚಾರಣೆ. ಮಳೆ, ಬೆಟ್ಟ, ವಿಧಿ ಅಂತ ಕೈ ತೊಳ್ಕೊಳ್ಳೋಕೆ ಆಗ್ಲಿಲ್ಲ, ತಪ್ಪು ಸರ್ಕಾರಿ ಸಂಸ್ಥೆಯಾದ ನ್ಯಾಷನಲ್ ಕೋಲ್ ಬೋರ್ಡ್‌ನದ್ದೇ ಅಂತ ವರದಿ ನೇರವಾಗಿ ಹೇಳಿತು.

1980ರಲ್ಲಿ ಅಪೀಲ್ ಕೋರ್ಟ್‌ಗೆ ಹೋಗಿ, 1988ರಿಂದ 1993ರವರೆಗೆ ಡೆಪ್ಯುಟಿ ಚೀಫ್ ಜಸ್ಟಿಸ್ ಆಗಿದ್ರು. ನಿವೃತ್ತಿ ಆಯ್ತು ಅನ್ನೋಷ್ಟರಲ್ಲಿ ವೇಲ್ಸ್ ರಗ್ಬಿ ಯೂನಿಯನ್ ಅಧ್ಯಕ್ಷಗಿರಿ, 2004ರವರೆಗೆ. 2007ರಲ್ಲಿ ತೀರಿಕೊಂಡ್ರು. ಕಾರ್ಡಿಫ್‌ಗೆ ಹೋದ್ರೆ ಅವರ ಪ್ರತಿಮೆ ಕೋರ್ಟ್ ಹತ್ರ ಹುಡುಕಬೇಡಿ, ರಗ್ಬಿ ಸ್ಟೇಡಿಯಂ ಹೊರಗಡೆ ಇದೆ.