ನೀರು ಭೇದಿಯ ಮಾತ್ರೆ ರಕ್ತಭೇದಿಗೆ ಬೇಡ

ಬದಿಯಡ್ಕದ ಓದುಗರು: ಎಂಟು ವರ್ಷದ ಮಗನಿಗೆ ಜ್ವರ, ರಕ್ತ–ಲೋಳೆ ಬೆರೆತ ಭೇದಿ. ನನಗೆ ನೀರು ಭೇದಿಯಾದಾಗ ತಂದ ಲೋಪೆರಮೈಡ್ ಮಾತ್ರೆ ಉಳಿದಿದೆ. ಕೊಡಲೇ?

ಬೇಡವೇ ಬೇಡ. ಮಳೆಗಾಲ ಬಂತೆಂದರೆ ಇದೇ ಪ್ರಶ್ನೆ. ಅಷ್ಟರಲ್ಲಿ ಅರ್ಧ ಜನ ಮಾತ್ರೆ ನುಂಗಿಸಿಯೂ ಆಗಿರುತ್ತದೆ.

ಎರಡು ಭೇದಿಯ ರೀತಿಯೂ ಬೇರೆ. ನೀರು ಭೇದಿ ತರುವ ಕಾಲರಾ ರೋಗಾಣು ಸಣ್ಣ ಕರುಳಿನ ಮೇಲ್ಮೈಗೆ ಅಂಟಿ ಕೂತು ವಿಷ ಸ್ರವಿಸುತ್ತದೆ, ಒಳಗೆ ನುಗ್ಗುವುದಿಲ್ಲ. ಆ ವಿಷ ಜೀವಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶ ರಾಸಾಯನಿಕವನ್ನು ಏರಿಸುತ್ತದೆ. ಉಪ್ಪಿನ ಅಂಶವಾದ ಕ್ಲೋರೈಡ್ ಹೊರಗೆ ಹರಿಯುತ್ತದೆ, ಹಿಂದೆಯೇ ನೀರೂ. ಆದರೆ ಸಕ್ಕರೆಯ ಜೊತೆ ಉಪ್ಪನ್ನು ಒಳಗೆಳೆಯುವ ದಾರಿ ಕೆಡುವುದಿಲ್ಲ. ಓಆರ್‌ಎಸ್ ಎಂಬ ಸಕ್ಕರೆ–ಉಪ್ಪಿನ ದ್ರಾವಣ ಕೆಲಸ ಮಾಡುವುದು ಆ ದಾರಿಯಿಂದ. ಒಂದು ಲೀಟರಿನ ಪೊಟ್ಟಣವನ್ನು ಕುದಿಸಿ ಆರಿಸಿದ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಲೋಟದ ನೀರಿಗೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. 24 ಗಂಟೆ ಕಳೆದದ್ದನ್ನು ಚೆಲ್ಲಿ.

ರಕ್ತಭೇದಿ ತರುವ ಶಿಗೆಲ್ಲಾ ರೋಗಾಣುವಿನ ರೀತಿ ಬೇರೆ. 2022ರ ಮೇನಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥರಾದವರಲ್ಲಿ ಕಂಡದ್ದು ಇದೇ. ಅದರ ಮೈಮೇಲೆ ಸೂಜಿಯಂಥ ಟೊಳ್ಳು ಕೊಳವೆಗಳಿವೆ: ಮೂರನೇ ಬಗೆಯ ಸ್ರಾವ ವ್ಯವಸ್ಥೆ. ಅವುಗಳಿಂದ ದೊಡ್ಡ ಕರುಳಿನ ಜೀವಕೋಶಕ್ಕೆ ನೇರವಾಗಿ ಪ್ರೋಟೀನು ಚುಚ್ಚುತ್ತದೆ. ಕೋಶ ತಾನೇ ರೋಗಾಣುವನ್ನು ಒಳಗೆಳೆದುಕೊಳ್ಳುತ್ತದೆ. ಅಲ್ಲಿಂದ ಅದು ಪಕ್ಕದ ಕೋಶಕ್ಕೆ ದಾಟುತ್ತದೆ. ಕೋಶಗಳು ಸತ್ತು ಹುಣ್ಣಾಗುತ್ತದೆ, ರಕ್ತ ಬರುತ್ತದೆ. ಹತ್ತರಿಂದ ನೂರು ರೋಗಾಣು ಸಾಕು. ಕೈ ತೊಳೆಯದೆ ಬಡಿಸಿದರೂ ಹರಡುತ್ತದೆ.

ಲೋಪೆರಮೈಡ್ ಕರುಳಿನ ಚಲನೆಯನ್ನು ತಗ್ಗಿಸುತ್ತದೆ. ಹೊರಹೋಗಬೇಕಾದ ರೋಗಾಣು ಒಳಗೇ ಉಳಿಯುತ್ತದೆ. ದೊಡ್ಡ ಕರುಳು ಉಬ್ಬಿ ಜೀವಕ್ಕೇ ಕುತ್ತಾಗಬಹುದು. ಮನೆಯಲ್ಲಿ ಉಳಿದ ಆ್ಯಂಟಿಬಯೋಟಿಕ್ಕೂ ಬೇಡ: ರಕ್ತಭೇದಿಗೆ ಕಾರಣ ಶಿಗಾ ಎಂಬ ವಿಷ ತಯಾರಿಸುವ ಇನ್ನೊಂದು ರೋಗಾಣು ಇ. ಕೋಲಿಯಾಗಿದ್ದರೆ ಕೆಲವು ಔಷಧಿಗಳಿಂದ ವಿಷ ಇನ್ನೂ ಹೆಚ್ಚಾಗಿ ಮೂತ್ರಪಿಂಡ ಕೆಡಬಹುದು. ಓಆರ್‌ಎಸ್ ಕುಡಿಸುತ್ತಾ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ; ಮಲದ ಕಲ್ಚರ್ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ಕೇಳಿ, ಅದೂ ಆ್ಯಂಟಿಬಯೋಟಿಕ್ ಶುರುವಾಗುವ ಮೊದಲು. ಕರುಳು ಶುದ್ಧ ಮಾಡುತ್ತೇನೆಂದು ಭೇದಿಗೆ ಮತ್ತೆ ಭೇದಿಮದ್ದು ಕೊಡುವವರ ಮನೆಗೆ ಮಾತ್ರ ಹೋಗಬೇಡಿ. ಈಗಾಗಲೇ ನೀರು ಕಳಕೊಂಡ ಮಗುವನ್ನು ಅವರು ಇನ್ನಷ್ಟು ಒಣಗಿಸುತ್ತಾರೆ.

ಪೆರ್ಲದಿಂದ: ಕಟ್ಟನ್ ಚಾಯಕ್ಕೆ (ಹಾಲಿಲ್ಲದ ಚಹಾ) ಲಿಂಬೆ ಹಿಂಡಿ ಕುಡಿದರೆ ಭೇದಿ ನಿಲ್ಲುತ್ತದಂತೆ?

ಇಲ್ಲ.

ಮಂಜೇಶ್ವರದಿಂದ: ಮದುವೆ ಮನೆಯಿಂದ ತಂದ ಕೋಳಿ ಪದಾರ್ಥ ರಾತ್ರಿಯಿಡೀ ಹೊರಗಿತ್ತು. ಚೆನ್ನಾಗಿ ಕುದಿಸಿದರೆ ಸಾಕಲ್ಲ?

ಸಾಲದು. ಹೊರಗಿಟ್ಟ ಆಹಾರದಲ್ಲಿ ಬೆಳೆಯುವ ಸ್ಟೆಫೈಲೊಕಾಕಸ್ ರೋಗಾಣು ಸಾಯುತ್ತದೆ, ಅದು ಬಿಟ್ಟ ವಿಷ ಅರ್ಧ ಗಂಟೆ ಕುದಿಸಿದರೂ ಉಳಿಯುತ್ತದೆ. ಎಸೆಯಿರಿ.