ಮೆಡಿಕಲ್ ಕೋಡಿಂಗಿನಲ್ಲಿ ಸ್ಟೇಸಿಸ್ ಅಲ್ಸರ್‌ಗೆ (ಕಾಲಿನ ಸಿರೆಗಳಲ್ಲಿ ರಕ್ತ ನಿಂತು ಆಗುವ ಹುಣ್ಣು) ಐ87.2 ಹಾಕುವುದಾ, ಐ83 ಹಾಕುವುದಾ? ಯಾರ ಹತ್ತಿರವಾದರೂ ಚೀಟ್‌ಶೀಟ್ ಉಂಟಾ?

ಚೀಟ್‌ಶೀಟ್ ನನ್ನ ಹತ್ತಿರವೂ ಇತ್ತು ಮಾರಾಯ್ರೇ. ನನ್ನ ಮೊದಲ ಪ್ರಾಜೆಕ್ಟ್ ಹೋದದ್ದೇ ಅದರಿಂದ.

ಬದಿಯಡ್ಕದ ಮನೆಯಲ್ಲಿ ಕೂತು ಅಮೆರಿಕದ ಚಾರ್ಟ್ ಕೋಡ್ ಮಾಡ್ತಿದ್ದೆ, ಅಂದರೆ ಅಲ್ಲಿನ ರೋಗಿಗಳ ದಾಖಲೆ ಓದಿ ರೋಗಕ್ಕೆ ತಕ್ಕ ಐಸಿಡಿ-10-ಸಿಎಂ ಕೋಡ್ ಹಾಕುವ ಕೆಲಸ. ಕ್ಲಾಸಿನಲ್ಲಿ ಕೊಟ್ಟ ಹಾಳೆಯಲ್ಲಿ ‘ಸ್ಟೇಸಿಸ್ ಅಲ್ಸರ್: ಐ87.2, ಜೊತೆಗೆ ಎಲ್97’ ಅಂತಿತ್ತು. ಎಲ್97 ಅಂದರೆ ಹುಣ್ಣು ಕಾಲಿನಲ್ಲಿ ಎಲ್ಲಿ, ಎಷ್ಟು ಆಳ ಅಂತ ಹೇಳುವ ಕೋಡ್. ಕಂಡಲ್ಲೆಲ್ಲ ಅದನ್ನೇ ಹಾಕಿದೆ. ಕೋಡ್ ಪುಸ್ತಕದ ಇಂಡೆಕ್ಸ್ ತೆರೆದಿದ್ದರೆ ಗೊತ್ತಾಗ್ತಿತ್ತು. ‘ಅಲ್ಸರ್, ಸ್ಟೇಸಿಸ್’ ಅಂತ ಹುಡುಕಿದರೆ ಅದು ಮೊದಲು ಕಳಿಸುವುದು ಕಾಲಿನ ವೆರಿಕೋಸ್‌ಗೆ (ಉಬ್ಬಿ ಸುರುಳಿಯಾದ ರಕ್ತನಾಳ), ಅಂದರೆ ಐ83ಕ್ಕೆ. ವೆರಿಕೋಸ್ ಇಲ್ಲದಿದ್ದರೆ ಮಾತ್ರ ಐ87.2. ನನ್ನ ಹಾಳೆಯಲ್ಲಿ ಆ ‘ಇಲ್ಲದಿದ್ದರೆ’ಯೇ ಇರಲಿಲ್ಲ! ಡಾಕ್ಟರ್ ಎರಡು ಸಾಲು ಕೆಳಗೆ ‘ವೆರಿಕೋಸ್ ವೇನ್ಸ್, ಬಲಗಾಲು’ ಅಂತ ಬರೆದಿದ್ದರೂ ನಾನು ನೋಡ್ಲಿಲ್ಲ. ಹೋಟೆಲಿನಲ್ಲಿ ನಿಂತೇ ದುಡಿದ ನಮ್ಮ ಮಾವನ ಕಾಲಲ್ಲಿ ನರ ಹಗ್ಗದ ಹಾಗೆ ಉಬ್ಬಿದ್ದನ್ನು ದಿನಾ ನೋಡ್ತಿದ್ದವಳು ನಾನು. ಚಾರ್ಟಿನಲ್ಲಿ ಮಾತ್ರ ಕಾಣಲಿಲ್ಲ. ‘ಇದರಿಂದಲೇ ಹುಣ್ಣಾಯ್ತು’ ಅಂತ ಡಾಕ್ಟರ್ ಬಿಡಿಸಿ ಬರೆಯಬೇಕಂತಲೂ ಇಲ್ಲ. ಸಂಬಂಧ ಇಲ್ಲ ಅಂತ ಅವರೇ ಹೇಳದಿದ್ದರೆ ಎರಡನ್ನೂ ಸೇರಿಸಿಯೇ ಓದುವುದು ನಿಯಮ. ಬಲ ಕಣಕಾಲಿನ ಹುಣ್ಣಾದ್ದರಿಂದ ಅದು ಐ83.013. ಕೋಡ್ ಪರಿಶೀಲಿಸುವ ಆಡಿಟರ್ ಹಿಂದಿನ ಚಾರ್ಟುಗಳನ್ನೂ ತೆರೆದರು. ಎಲ್ಲದರಲ್ಲೂ ಅದೇ ತಪ್ಪು. ಮತ್ತೆಂತ ಉಳಿಯಿತು?

ಹಾಗಾಗಿ ‘ಇದಾ, ಅದಾ’ ಅನ್ನುವ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನಗನಿಸ್ತದೆ. ಕೋಡನ್ನು ತೀರ್ಮಾನಿಸುವುದು ಡಾಕ್ಟರ್ ಬರೆದ ಕಾರಣ. ಕ್ರಾನಿಕ್ ವೀನಸ್ ಹೈಪರ್‌ಟೆನ್ಷನ್ (ಸಿರೆಗಳಲ್ಲಿ ದೀರ್ಘಕಾಲದ ಅತಿ ಒತ್ತಡ) ಅಂತಿದ್ದರೆ ಐ87.31ರ ಕೆಳಗೆ, ಪೋಸ್ಟ್‌ಥ್ರಾಂಬೋಟಿಕ್ ಸಿಂಡ್ರೋಮ್ (ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದ ನಂತರ ಉಳಿಯುವ ತೊಂದರೆ) ಅಂತಿದ್ದರೆ ಐ87.01ರ ಕೆಳಗೆ ಹುಡುಕಿ. ವೆರಿಕೋಸ್‌ನಲ್ಲಿ ಹುಣ್ಣಿನ ಜೊತೆ ಉರಿಯೂತವೂ ಇದ್ದರೆ ಐ83.2.

ಎಲ್97 ಎಷ್ಟಿದ್ದರೂ ಎರಡನೆಯದು, ಕಾರಣದ ಕೋಡ್ ಮೊದಲು. ಎಲ್97ರ ಕೊನೆಯ ಅಂಕೆ ಆಳ ಹೇಳ್ತದೆ: 1 ಅಂದರೆ ಚರ್ಮ ಮಾತ್ರ, 2 ಅಂದರೆ ಕೊಬ್ಬಿನ ಪದರ ಕಾಣ್ತದೆ. ಬಲ ಕಣಕಾಲಿನಲ್ಲಿ ಕೊಬ್ಬು ಕಂಡರೆ ಎಲ್97.312. ಡಾಕ್ಟರ್ ಆಳ ಬರೆಯದಿದ್ದರೆ ಸೀದಾ 9 (ಆಳ ನಮೂದಿಸಿಲ್ಲ) ಹಾಕಿ ಕೈತೊಳೆದುಕೊಳ್ಳಬೇಡಿ. ನರ್ಸಿನ ವೂಂಡ್ ನೋಟ್ (ಗಾಯದ ಟಿಪ್ಪಣಿ) ನೋಡಿ, ಆಳವನ್ನು ಅಲ್ಲಿಂದ ತೆಗೆದುಕೊಳ್ಳಬಹುದು. ರೋಗದ ಹೆಸರು ಮಾತ್ರ ಡಾಕ್ಟರೇ ಬರೆದಿರಬೇಕು. ಯಾವ ಕಾಲು ಅಂತ ದಾಖಲೆಯಲ್ಲಿ ಎಲ್ಲೂ ಇಲ್ಲದಿದ್ದರೆ ಡಾಕ್ಟರಿಗೆ ಕ್ವೆರಿ (ಪ್ರಶ್ನೆ) ಹಾಕಿ. ಆ ದಿನ ಟಾರ್ಗೆಟ್ ಮುಟ್ಟದಿದ್ದರೆ ಮುಟ್ಟದಿರಲಿ.