ಅಣಬೆಯ ಗುರುತು ಬುಡದಲ್ಲಿದೆ

ಪ್ರಶ್ನೆ: ಹೋದ ತಿಂಗಳು ಕಾಸರಗೋಡಿನ ರಾಣಿಪುರಂ ಗುಡ್ಡ ಹತ್ತಿದಾಗ ದಾರಿಯುದ್ದಕ್ಕೂ ಥರಾವರಿ ಅಣಬೆಗಳಿದ್ದವು. ಇಪ್ಪತ್ತು ಫೋಟೋ ತೆಗೆದೆ, ಒಂದರ ಹೆಸರೂ ಸಿಗಲಿಲ್ಲ. ಅರಿಶಿನ ಹಾಕಿ ಬೇಯಿಸಿದಾಗ ಕಪ್ಪಾಗದಿದ್ದರೆ ತಿನ್ನಬಹುದು ಅಂತಾರೆ ಅಜ್ಜಿ. ನಿಜವೇ?
– ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ನಿಜವಲ್ಲ. ವಿಷದ ಅಣಬೆಗೆ ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳ ತಿಂದದ್ದನ್ನು ನಾವೂ ತಿನ್ನಬಹುದು ಎನ್ನುವುದೂ ಅಷ್ಟೇ, ದಯವಿಟ್ಟು ನಂಬಬೇಡಿ. ಅಮಾನಿಟಾ ಗುಂಪಿನ ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಮೇಲೆ 6ರಿಂದ 24 ಗಂಟೆ ಏನೂ ಗೊತ್ತಾಗುವುದಿಲ್ಲ, ಆಮೇಲೆ ವಾಂತಿ ಭೇದಿ, ನಡುವೆ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ಅನುಮಾನ ಬಂದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಓಡಿ, ಉಳಿದ ಅಣಬೆಯ ಚೂರನ್ನೂ ಜೊತೆಗೆ ಒಯ್ಯಿರಿ.

ಆದರೆ ಅಜ್ಜಿಗೆ ಅರಿಶಿನಕ್ಕಿಂತ ದೊಡ್ಡ ವಿಷಯ ಗೊತ್ತಿರುತ್ತದೆ. ಯಾವ ಹುತ್ತದ ಪಕ್ಕ, ಯಾವ ಮಳೆಗೆ, ಯಾವ ಅಣಬೆ ಏಳುತ್ತದೆ ಅಂತ. ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಹುತ್ತದ ಅಣಬೆಯನ್ನು ನಿಮ್ಮ ತೋಟದಲ್ಲಿ ಕಂಡರೆ ಕೀಳಬೇಡಿ, ಸುತ್ತ ಮಣ್ಣು ಬಿಡಿಸಿ. ದಂಟು ಮಣ್ಣಿನೊಳಗೆ ಬೇರಿನ ಹಾಗೆ ಸಪೂರವಾಗುತ್ತಾ ಉದ್ದಕ್ಕೆ ಇಳಿದು, ಗೆದ್ದಲು ಸಾಕಿಕೊಂಡ ಗೂಡಿಗೆ ಮುಟ್ಟುತ್ತದೆ. ಗೆದ್ದಲಿಲ್ಲದೆ ಅದು ಬೆಳೆಯುವುದೇ ಇಲ್ಲ. ಅದೇ ಅಮಾನಿಟಾದ ಬುಡ ಕೆದಕಿದರೆ ಒಡೆದ ಮೊಟ್ಟೆಯ ಚಿಪ್ಪಿನಂಥ ಚೀಲ ಸಿಗುತ್ತದೆ, ಎಷ್ಟೋ ಸಲ ದಂಟಿನಲ್ಲಿ ಬಳೆಯೂ ಇರುತ್ತದೆ. ಬುಡ ಮಣ್ಣಿನಲ್ಲೇ ಬಿಟ್ಟು ಮೇಲಿಂದ ಮುರಿದು ತಂದರೆ ಈ ಚೀಲ ಕಾಣುವುದೇ ಇಲ್ಲ.

ನಿಮ್ಮ ಇಪ್ಪತ್ತು ಫೋಟೋಗಳೂ ಮೇಲಿಂದ ತೆಗೆದವು, ಅಲ್ವಾ? ಕೊಡೆಯ ಬಣ್ಣ ಮಳೆಗೆ, ಬಿಸಿಲಿಗೆ ಬದಲಾಗುತ್ತದೆ. ಉಂಬಳ ಹತ್ತಿದರೂ ಪರವಾಗಿಲ್ಲ, ಬಗ್ಗಿ ಕೊಡೆಯ ಅಡಿ ನೋಡಿ. ಪದರ ಇದೆಯಾ, ಸಣ್ಣ ತೂತುಗಳಾ? ದಂಟು, ಬುಡ, ಅದು ಬೆಳೆದ ಮರದ ತುಂಡು ಅಥವಾ ಮಣ್ಣು, ಎಲ್ಲದರ ಫೋಟೋ ಬೇಕು. ಕಾಡಿನದನ್ನು ಕಿತ್ತು ತರಬೇಡಿ.

ಅಂಗಳದಲ್ಲಿ ಎದ್ದದ್ದಾದರೆ ಇನ್ನೊಂದು ಕೆಲಸ ಮಾಡಿ ನೋಡಿ, ನನಗೆ ಇದು ತುಂಬಾ ಇಷ್ಟ. ದಂಟು ಕತ್ತರಿಸಿ ಕೊಡೆಯನ್ನು ಬಿಳಿ ಕಾಗದದ ಮೇಲೆ ಅಡಿಮುಖವಾಗಿಟ್ಟು ರಾತ್ರಿಯಿಡೀ ಲೋಟ ಮುಚ್ಚಿಡಿ. ಬೆಳಿಗ್ಗೆ ಬೀಜಕಣಗಳು ಉದುರಿ ಗೆರೆಗೆರೆಯಾದ ಚಿತ್ತಾರ ಬಿಡಿಸಿರುತ್ತವೆ. ಹುತ್ತದ ಅಣಬೆಯದು ನಸುಗುಲಾಬಿ. ಹುಲ್ಲಿನ ನಡುವೆ ಏಳುವ ದೊಡ್ಡ ಬಿಳಿ ಕೊಡೆ ಹಸಿರು ಬಿಟ್ಟರೆ ಅದು ಕ್ಲೋರೋಫಿಲಮ್, ತಿಂದರೆ ವಾಂತಿ ಗ್ಯಾರಂಟಿ. ಅಮಾನಿಟಾದ್ದು ಬಿಳಿ, ಅದಕ್ಕೆ ಪಕ್ಕದಲ್ಲೊಂದು ಕಪ್ಪು ಕಾಗದವನ್ನೂ ಸೇರಿಸಿಡಿ. ಇಷ್ಟಾದರೂ ಫೋಟೋ ನೋಡಿ ‘ತಿನ್ನಿ’ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಅಂದಹಾಗೆ 2024ರಲ್ಲಿ ಅದೇ ರಾಣಿಪುರಂ ಕಾಡಿನಲ್ಲಿ ರಾತ್ರಿ ಹಸಿರಾಗಿ ಮಿನುಗುವ ಅಣಬೆ ಸಿಕ್ಕಿತ್ತು, ಹೆಸರು ಫಿಲೋಬೊಲೆಟಸ್ ಮ್ಯಾನಿಪುಲಾರಿಸ್. ಹಗಲು ನೋಡಿದರೆ ಸತ್ತ ಮರದ ಮೇಲಿನ ಸಾಧಾರಣ ಬಿಳಿ ಗೊಂಚಲು. ಕೊಡೆಯ ಅಡಿಯಲ್ಲಿ ಪದರ ಇಲ್ಲ, ಬರೀ ತೂತುಗಳು. ನಿಮ್ಮ ಫೋಟೋಗಳಲ್ಲಿ ಮರದ ತುಂಡಿನ ಮೇಲಿನ ಬಿಳಿ ಗೊಂಚಲೊಂದಿದ್ದರೆ, ಮುಂದಿನ ಸಲ ಹೋದಾಗ ಅದರ ಅಡಿಯ ಫೋಟೋ ಕಳಿಸಿ.